ತೊಟ್ಟಿಲ ಕೆಳಗಿನ ಬೇಹುಗಾರ

ಕಳೆದ ಬುಧವಾರ ಎಂಟನೇ ತರಗತಿಯ ಹುಡುಗಿಯರಿಗೆ ಮರಳುಗಾಳಿಯ ಪಾಠ ಮಾಡುತ್ತಿದ್ದೆ. ಕೈಚೀಲದಲ್ಲಿದ್ದ ಫೋನ್ ಕಿರುಚಿಕೊಂಡಿತು. ತೆಗೆದು ನೋಡಿದರೆ ಪರದೆಯ ತುಂಬ ಕಡುಗೆಂಪು, ಅದರ ಮೇಲೆ ಎರಡೇ ಸಾಲು: ‘ತೊಟ್ಟಿಲು. ಕೂಡಲೇ ಹೊರಗೆ ಬನ್ನಿ.’

ತೊಟ್ಟಿಲಲ್ಲಿ ಮಲಗುವವಳು ಹದಿನಾಲ್ಕು ತಿಂಗಳ ನನ್ನ ಮಗಳು ಮೈಥಾ. ಕೂಡಲೇ ಹೊರಗೆ ಬರುವುದಿರಲಿ, ಅವಳಿಗೆ ಇನ್ನೂ ನೆಟ್ಟಗೆ ನಿಲ್ಲಲು ಬಾರದು. ಮನೆಗೆ ಫೋನ್ ಮಾಡಿದೆ, ಅತ್ತೆ ಎತ್ತಲಿಲ್ಲ. ಗಂಡ ಖೈಸ್‌ಗೆ ಮಾಡಿದೆ, ಅವನೂ ಎತ್ತಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮುಂದೆ ಏನೆಂದು ತೊದಲಿದೆನೋ ನೆನಪಿಲ್ಲ, ಕಾರು ಹತ್ತಿದ್ದು ನೆನಪಿದೆ. ಹೀಗೆ ಕೂಗಿದ ಬೇಹುಗಾರನನ್ನು ತೊಟ್ಟಿಲ ಕೆಳಗೆ ನೇಮಕ ಮಾಡಿದವಳೂ ನಾನೇ ತಾನೆ.

ಮೈಥಾಗೆ ಮೂರು ವಾರದಿಂದ ಕೆಮ್ಮು. ಔಷಧಿಯ ಎರಡನೇ ಬಾಟಲಿಯೂ ಬರಿದಾದ ಮೇಲೆ ಡಾಕ್ಟರು, “ಮನೆಯ ಗಾಳಿಯಲ್ಲಿ ಏನಿದೆ ನೋಡ್ಕೊಳ್ಳಿ. ಹೀಗೇ ಬಿಟ್ರೆ ಉಬ್ಬಸಕ್ಕೆ ತಿರುಗಬಹುದು” ಎಂದರು. ನೋಡುವುದೇನು ಬಂತು? ನನಗೆ ಗೊತ್ತೇ ಇತ್ತು. ಅತ್ತೆಯ ಲೋಬಾನ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಉಟ್ಟ ಬಟ್ಟೆಗೆ, ಕೂದಲಿಗೆ, ಕುಡಿಯುವ ನೀರಿನ ಹೂಜಿಗೂ ಆ ಹೊಗೆಯ ದೀಕ್ಷೆ. ಆದರೆ ಒಮಾನಿನ ಯಾವ ಸೊಸೆ ತಾನೇ ಅತ್ತೆಗೆ ‘ನಿಮ್ಮ ಧೂಪ ನಿಲ್ಲಿಸಿ’ ಎಂದು ಹೇಳಿ ಅದೇ ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡಿದ್ದಾಳೆ?

ನಾನು ಹೇಳಬಾರದು, ಅಂಕಿ ಹೇಳಬೇಕು ಎಂಬ ಮಹಾಜ್ಞಾನ ಹೊಳೆದದ್ದು ಆಗಲೇ. ಖೈಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗಾಳಿಯನ್ನು ಅಳೆಯುವ ಸೆನ್ಸರ್‌ಗಳನ್ನು ಅಚ್ಚು ಹಾಕುತ್ತಾನೆ. ಅಂಚೆಚೀಟಿಯಂಥ ತೆಳು ಹಾಳೆ, ಅದರ ಮೇಲೆ ಬೆಳ್ಳಿಯ ಶಾಯಿಯಲ್ಲಿ ಸುತ್ತು ಸುತ್ತು ಗೆರೆ, ನಡುವೆ ಬೇಳೆಯಷ್ಟು ಕಪ್ಪು ಚುಕ್ಕೆ. ಎರಡು ತಂದುಕೊಟ್ಟ, ಅಂಕಿ ಬರುವಂತೆ ನನ್ನ ಫೋನಿಗೂ ಜೋಡಿಸಿದ.

“ಅಮ್ಮನಿಗೆ ಹೇಳಿ ಅಂಟಿಸು,” ಎಂದ.

“ಹೇಳ್ತೀನಿ,” ಎಂದೆ. (ಯಾವಾಗ ಎಂದು ಅವನು ಕೇಳಲಿಲ್ಲ.)

ಸೋಮವಾರವೇ ಒಂದನ್ನು ತೊಟ್ಟಿಲ ಅಡಿಗೆ, ಇನ್ನೊಂದನ್ನು ಪಡಸಾಲೆಯಲ್ಲಿ ಅತ್ತೆ ಕೂರುವ ದಿಂಬಿನ ಹಿಂದೆ ಅಂಟಿಸಿದೆ. ಒಂದು ವಾರದ ಸಾಕ್ಷ್ಯ ಪೂರ್ತಿ ಕೂಡಿದ ಮೇಲೆ ಒಮ್ಮೆಲೇ ತೆರೆದು ತೀರ್ಪು ಕೊಡುವುದೆಂದು ಅಂಕಿಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಕಡುಗೆಂಪಾದರೆ ಮಾತ್ರ ಅದು ತಾನಾಗಿ ಕೂಗುತ್ತದೆ. ಬುಧವಾರ ಕೂಗಿತು.

ಮನೆ ಮುಟ್ಟಿದಾಗ ಹೊರಜಗಲಿಯಲ್ಲಿ ಕೆಂಡದ ಧೂಪದಾನಿ ಭುಗುಭುಗು ಹೊಗೆಯಾಡುತ್ತಿತ್ತು. ಅತ್ತೆ ಇಕ್ಕಳದಲ್ಲಿ ಏನನ್ನೋ ಹಿಡಿದು ಆ ಹೊಗೆಯಲ್ಲಿ ತಿರುವುತ್ತಿದ್ದರು. ದೂರದ ಮೂಲೆಯಲ್ಲಿ ಪಕ್ಕದ ಮನೆಯ ಮೂಝಾ ಚಿಕ್ಕಮ್ಮ. ಅವರ ತೊಡೆಯ ಮೇಲೆ ಮೈಥಾ, ಬಾಯಿ ತುಂಬ ಖರ್ಜೂರ.

“ಅಲ್ಲೇ ನಿಲ್ಲು, ಜುವೈನಾ,” ಎಂದರು ಅತ್ತೆ. “ಮನೆಗೆ ಮಾಟ ಮಾಡಿಸಿದಾರೆ.”

ಇಕ್ಕಳದ ತುದಿಯಲ್ಲಿ ನನ್ನ ಬೇಹುಗಾರ ಸುರುಟಿಕೊಳ್ಳುತ್ತಿದ್ದ; ಅವನು ಕೂಗಿದ್ದು ಈ ಹೊಗೆಗೆ.

“ತೊಟ್ಟಿಲ ಅಡೀಲಿತ್ತಮ್ಮ,” ಎಂದರು ಮೂಝಾ ಚಿಕ್ಕಮ್ಮ. “ಆ ಗೆರೆ ನೋಡು, ಎಲ್ಲಿ ಶುರು ಎಲ್ಲಿ ಮುಗೀತು ಗೊತ್ತಾಗಲ್ಲ. ಪಳಗಿದ ಕೈ.”

“ಅತ್ತೆ, ಕೆಮ್ಮು ಮೂರು ವಾರದಿಂದ ಇದೆಯಲ್ಲ...”

“ಹಾಗಾದ್ರೆ ಇದು ಎರಡನೇದು. ಮೊದಲನೇದು ಇನ್ನೂ ಎಲ್ಲೋ ಇದೆ,” ಎಂದರು ಚಿಕ್ಕಮ್ಮ ನಿಶ್ಚಿಂತೆಯಿಂದ.

ಅತ್ತೆ ನನ್ನ ಮುಖ ನೋಡದೆ ಹೇಳಿದರು: “ಸೋಮವಾರ ಬೆಳಗ್ಗೆ ತೊಟ್ಟಿಲು ಒರೆಸಿದಾಗ ಇದು ಇರಲಿಲ್ಲ. ಆಮೇಲೆ ಮನೆಗೆ ಬಂದವರು ಒಬ್ಬರೇ. ನಿನ್ನಮ್ಮ. ನಾನು ಅವರನ್ನ ಏನೂ ಅನ್ನಲ್ಲ. ಆದ್ರೆ ಇನ್ನು ಮೇಲೆ ಅವರು ಈ ಮಗೂನ ಎತ್ಕೊಳ್ಳೋದು ಬೇಡ.”

ಮೈಥಾಗೆ ಕೈಯಾರೆ ಹೆಣೆದ ಟೋಪಿ ಕೊಡಲು ಬಂದಿದ್ದ ನನ್ನ ಅಮ್ಮ ಮಾಟಗಾತಿ. ಸುಮ್ಮನಿದ್ದರೆ ಅಮ್ಮನಿಗೆ ಮೊಮ್ಮಗಳು ಇಲ್ಲ. ಬಾಯಿ ಬಿಟ್ಟರೆ ನನಗೆ ಅತ್ತೆಮನೆ ಇಲ್ಲ.

“ಅಂಟಿಸಿದ್ದು ನಾನೇ, ಅತ್ತೆ,” ಎಂದೆ. “ಖೈಸ್ ಅಚ್ಚು ಹಾಕಿದ್ದು. ಗಾಳಿ ಅಳೆಯತ್ತೆ. ನಿಮ್ಮ ಲೋಬಾನದಿಂದ ಮಗು ಕೆಮ್ಮತ್ತೇನೋ ಅಂತ...”

ಮೂಝಾ ಚಿಕ್ಕಮ್ಮ ಇನ್ನಷ್ಟು ಹತ್ತಿರ ಸರಿದು ಕೂತರು.

“ಏನು ಹೇಳ್ತು ನಿನ್ನ ಚೀಟಿ? ತೋರಿಸು,” ಎಂದರು ಅತ್ತೆ ಕೊನೆಗೆ.

ಫೋನ್ ತೆರೆದೆ. ಪಡಸಾಲೆಯ ಗೆರೆ ಹೊತ್ತು ಹೊತ್ತಿಗೂ ಹಸಿರು. ಅತ್ತೆಯ ಧೂಪದ ವೇಳೆಯಲ್ಲೂ ಒಂದು ಚೂರು ಹಳದಿ, ಅಷ್ಟೇ.

“ಮಗು ಮೊದಲು ಕೆಮ್ಮಿದ ದಿನದಿಂದ ನಾನು ಇಲ್ಲೇ, ಹೊರಗೇ ಧೂಪ ಹಾಕ್ತಿದೀನಿ,” ಎಂದರು. “ನಿಂಗೆ ನನ್ನ ಬಟ್ಟೆ ವಾಸನೆ ಬಂತು. ನಾನು ಎಲ್ಲಿ ಕೂತಿದೀನಿ ಅಂತ ಕಾಣಲಿಲ್ಲ.”

ನೆಲ ಬಿರಿಯಲಿಲ್ಲ. ಬಿರಿದಿದ್ದರೆ ಮುಂದಿನದನ್ನು ನೋಡುವುದು ತಪ್ಪುತ್ತಿತ್ತು. ತೊಟ್ಟಿಲ ಗೆರೆ ಸೋಮವಾರವೂ ಮಂಗಳವಾರವೂ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನೆಟ್ಟಗೆ ಎದ್ದು ಕೆಂಪಾಗಿ ನಿಂತಿತ್ತು, ಕೂಗುವ ಕಡುಗೆಂಪಿಗೆ ಕೂದಲೆಳೆಯಷ್ಟು ಕೆಳಗೆ.

“ಮೂರು ಗಂಟೆಗೆ ಆ ಕೋಣೇಲಿ ಯಾರಿರ್ತಾರೆ?” ಎಂದರು ಮೂಝಾ ಚಿಕ್ಕಮ್ಮ, ತಮಗೆ ಗೊತ್ತೇ ಇಲ್ಲವೆಂಬಂತೆ.

ನಾನಿರುತ್ತೇನೆ. ಶಾಲೆಯಿಂದ ಬಂದವಳೇ ಧೂಪದ ವಾಸನೆ ಹೋಗಲೆಂದು ಕೋಣೆಯ ನೆಲಕ್ಕೆ ಬ್ಲೀಚ್ ನೀರು ಸುರಿದು ಒರೆಸುತ್ತೇನೆ. ಅದರ ಘಾಟು ಹೋಗಲೆಂದು ಗುಲಾಬಿಯ ಸ್ಪ್ರೇ ಹೊಡೆಯುತ್ತೇನೆ. ಹೊರಗಿನ ಧೂಳು ಒಳಗೆ ಬರದಂತೆ ಕಿಟಕಿ ಭದ್ರಪಡಿಸುತ್ತೇನೆ. ಆಮೇಲೆ ನನ್ನ ಕೈಯಾರೆ, ಮುತ್ತಿಟ್ಟು, ಮಗಳನ್ನು ಅಲ್ಲೇ ಮಲಗಿಸುತ್ತೇನೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಅಳು ತಡೆದುಕೊಳ್ಳುತ್ತಿದ್ದೆ. ಎದ್ದು ಹೋಗಿ ಮೈಥಾಳ ಕೋಣೆಯ ಎರಡೂ ಕಿಟಕಿ ತೆರೆದರು. ಬ್ಲೀಚಿನ ಕ್ಯಾನನ್ನು ಮೂಝಾ ಚಿಕ್ಕಮ್ಮನಿಗೆ ದಾನ ಮಾಡಿದರು. ನನ್ನ ಅಮ್ಮನಿಗೆ ತಾವೇ ಫೋನ್ ಮಾಡಿ ಶುಕ್ರವಾರ ಊಟಕ್ಕೆ ಕರೆದರು. ಸಂಜೆ ಖೈಸ್ ಬಂದಾಗ ತಮ್ಮ ಫೋನನ್ನು ಅವನ ಕೈಗಿಟ್ಟು, “ಇದರಲ್ಲೂ ಬರೋ ಹಾಗೆ ಮಾಡು. ಇನ್ನೂ ಆರು ಅಚ್ಚು ಹಾಕು, ಕೋಣೆಗೊಂದು,” ಎಂದರು.

ಈಗ ವಾರವಾಯಿತು. ಮೈಥಾ ಕೆಮ್ಮಿ ಐದು ದಿನವಾಯಿತು. ಇದನ್ನು ಬರೆಯುವಾಗ ಕೈ ಹಗುರಾಗುತ್ತದೆ. ಇವತ್ತು ಅವಳು ನಿದ್ದೆಹೋದ ಹೊತ್ತು ನೋಡಿ, ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ಮದುವೆಯೊಂದಕ್ಕೆ ಹೊರಡಲೆಂದು ಉಗುರುಬಣ್ಣದ ಶೀಶೆಯ ಮುಚ್ಚಳ ತಿರುಗಿಸಿದೆ. ಒಂದು ಬೆರಳೂ ಮುಗಿದಿರಲಿಲ್ಲ.

ಪಡಸಾಲೆಯಿಂದ ಅತ್ತೆಯ ದನಿ, ಬಹಳ ಶಾಂತವಾಗಿ: “ಜುವೈನಾ, ಕೆಂಪು.”