ನನ್ನ ಮೊಬೈಲಿನ ನೆತ್ತಿಯ ಮೇಲೆ ಕೂತ ತ್ರಿಕೋನಕ್ಕೆ

ಮಾನ್ಯ ತ್ರಿಕೋನದವರೇ,

ಮಯೂರ್ ವಿಹಾರದಿಂದ ದಕ್ಷಿಣಾಮೂರ್ತಿಯ ಸಾಷ್ಟಾಂಗ ನಮಸ್ಕಾರಗಳು. ಭಾರತದಲ್ಲಿ ಮೊಬೈಲನ್ನು ಮೊಟ್ಟಮೊದಲು ಕಿವಿಗಿಟ್ಟುಕೊಂಡವನು ನಾನೇ ಎಂಬುದು ತಮಗೆ ತಿಳಿದೇ ಇದೆ. ಆಗಿನ್ನೂ ಕಂಪನಿಯವರು ಟವರು ಸಹ ನೆಟ್ಟಿರಲಿಲ್ಲ. ಅಂಥವನ ಫೋನಿನ ಪರದೆಯ ತುದಿಯಲ್ಲಿ, ರೋಮಿಂಗಿನ ಗುರುತಾಗಿ, ನಾನು ದೆಹಲಿಗೆ ವರ್ಗವಾಗಿ ಬಂದಂದಿನಿಂದ ತಾವು ಬಿಜಯಂಗೈದಿದ್ದೀರಿ. ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿರುವ ಕರ್ನಾಟಕದ ನಂಬರನ್ನು ಬಿಸಾಕಿ, ನನ್ನ ಹೆಂಡತಿ ಪದ್ಮಾಳ ಹಾಗೆ ದೆಹಲಿ ಸಿಮ್ಮು ಹಾಕಿಸಿಕೊಳ್ಳುವಷ್ಟು ಸಣ್ಣ ಮನುಷ್ಯ ನಾನಲ್ಲವಾದ್ದರಿಂದ, ತಮ್ಮನ್ನು ಸಹಿಸಿಕೊಂಡೇ ಬಂದೆ.

ಮೊನ್ನೆ ಪದ್ಮಾಳ ಅಣ್ಣನ ಮಗಳು ಧನ್ಯಾಳ ಪಿಯುಸಿ ಫಲಿತಾಂಶ. ಹೋದ ವರ್ಷ ಗಣಿತದಲ್ಲಿ ಹೋಗಿತ್ತು. ಈ ಸಲವೂ ಹೋದರೆ ಓದು ಬಿಡಿಸುವುದೆಂದು ಅವಳಪ್ಪ ತೀರ್ಮಾನಿಸಿದ್ದರು. ಸೈಬರ್ ಕೆಫೆಗೆ ಅಲೆಯಬೇಡಿ, ದೆಹಲಿಯಲ್ಲಿ ಕೂತೇ ಮೊಬೈಲಿನಲ್ಲಿ ನೋಡಿ ಹೇಳುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಪುಟ ತೆರೆಯತೊಡಗಿತು. ತೆರೆಯುತ್ತಲೇ ಇತ್ತು. ಎದುರು ಫ್ಲಾಟಿನ, ದೆಹಲಿಯಲ್ಲೇ ಬೆಳೆದ ಕನ್ನಡದ ಇಂಜಿನಿಯರ್ ಹುಡುಗ ಸಾತ್ವಿಕ್ ಬಂದು ನೋಡಿ, "ಅಂಕಲ್, ರೋಮಿಂಗ್‌ನಲ್ಲಿ ಡೇಟಾ ಪೆಹಲೇ ಬೆಂಗಳೂರಿಗೆ ಹೋಗತ್ತೆ, ಫಿರ್ ವಾಪಸ್ ಬರತ್ತೆ. ಥೋಡಾ ಟೈಮ್ ಲಗೇಗಾ," ಎಂದು ಸಮಾಧಾನ ಹೇಳಿದ. ಫಲಿತಾಂಶವೂ ಬೆಂಗಳೂರಿನಲ್ಲೇ ಇದ್ದು, ನನ್ನ ವಿನಂತಿಯೂ ಬೆಂಗಳೂರಿಗೇ ಹೋಗಿ, ಇವೆರಡೂ ಪರಸ್ಪರ ಭೇಟಿಯಾಗದಂತೆ ನೋಡಿಕೊಂಡ ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು.

ಅಷ್ಟರಲ್ಲಿ ಧನ್ಯಾಳೇ ಫೋನು ಮಾಡಿದಳು. "ಮಾವ, ನಂದು ನೋಡಿದ್ರಾ?" ಎಂದಳು. ನಾನು "ನೋಡಮ್ಮ, ಅದು" ಎನ್ನುವಷ್ಟರಲ್ಲಿ ಲೈನು ಸತ್ತಿತು. ತೆರೆಯದ ಪುಟ ತಿಂದು ಮಿಕ್ಕಿದ್ದ ಬ್ಯಾಲೆನ್ಸನ್ನು, ಬಂದ ಕರೆಗೂ ದುಡ್ಡು ಕೀಳುವ ತಮ್ಮ ಧರ್ಮಕ್ಕನುಸಾರ, ತಾವು ಮುಗಿಸಿದ್ದಿರಿ. ಫೇಲೆಂದು ಹೇಳಲಾರದೆ ಮಾವ ಫೋನಿಟ್ಟರೆಂದು ತಿಳಿದು ಆ ಹುಡುಗಿ ಊಟ ಬಿಟ್ಟು ಅತ್ತಳಂತೆ. ಸಂಜೆ ಅವಳಪ್ಪ ಕಾಲೇಜಿನ ಬೋರ್ಡು ನೋಡಿಕೊಂಡು ಬಂದು, ಫಸ್ಟ್ ಕ್ಲಾಸೆಂದು ಪದ್ಮಾಳ ಫೋನಿಗೆ ತಿಳಿಸಿದರು. ನನ್ನ ಪುಟ ಇನ್ನೂ ತೆರೆದಿರಲಿಲ್ಲ. "ರೀ, ನಿಮ್ಮ ಇಂಟರ್ನೆಟ್ಟು ಈಗ ಭೋಪಾಲ್ ದಾಟಿರಬಹುದಾ?" ಎಂದು ಕೇಳುತ್ತಾ ಪದ್ಮಾ ಪಕ್ಕದ ಮನೆಗಳಿಗೆ ಪೇಡಾ ಹಂಚಲು ಹೊರಟಳು.

ಆದಕಾರಣ, ಒಂದೋ ಮಯೂರ್ ವಿಹಾರವನ್ನು ಕರ್ನಾಟಕದ ತಾಲ್ಲೂಕೆಂದು ಘೋಷಿಸಿಕೊಡಬೇಕು; ಇಲ್ಲವೇ ನನ್ನ ಡೇಟಾಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಮೇಲಿನ ಬರ್ತು ಕಾಯ್ದಿರಿಸಬೇಕು, ಮೂರನೆಯ ದಿನಕ್ಕಾದರೂ ಖಚಿತವಾಗಿ ತಲುಪೀತು. ಜೊತೆಗೆ ಹುಡುಗಿಯ ಕಣ್ಣೀರು, ನನ್ನ ಮರ್ಯಾದೆ ಎಲ್ಲ ಸೇರಿ ಆದ ಐವತ್ತು ಸಾವಿರ ರೂಪಾಯಿ ನಷ್ಟವನ್ನು ಕೂಡಲೇ ತುಂಬಿಕೊಡಬೇಕಾಗಿ ಪ್ರಾರ್ಥನೆ.

ಎಲ್ಲಿ ಹೋದರೂ ತಮ್ಮನ್ನು ಜೇಬಿನಲ್ಲಿ ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ದಕ್ಷಿಣಾಮೂರ್ತಿ

ವಿ.ಸೂ.: ಐವತ್ತು ಸಾವಿರವೆಂಬುದನ್ನು ಓದಿ ಪದ್ಮಾ ಬಹಳ ಹೊತ್ತು ನಕ್ಕಿದ್ದರಿಂದ ತಿದ್ದುತ್ತಿದ್ದೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ತಾವು ಒಂದು ಪೈಸೆ ಬಿಡದೆ ನುಂಗಿದಿರಿ. ಸಿಕ್ಕಿದ್ದು ನನ್ನ ಬ್ಯಾಲೆನ್ಸಿನಲ್ಲಿದ್ದ ಇಪ್ಪತ್ತೆರಡು ರೂಪಾಯಿ.