ನಡೆಯುವ ಮೊದಲೇ ನಡೆದ ಕಾರ್ಯಕ್ರಮ

ನಾನು ಸುಳ್ಳು ಬರೆಯುವವನಲ್ಲ. ಮುಂದೆ ಆಗಲಿರುವ ನಿಜವನ್ನು ಸ್ವಲ್ಪ ಮುಂಚಿತವಾಗಿ ಬರೆಯುವವನು, ಅಷ್ಟೇ. ಈ ವ್ಯತ್ಯಾಸವನ್ನು ಇಷ್ಟು ವರ್ಷ ನನಗೆ ನಾನೇ ತಿಳಿಸಿ ಹೇಳಿಕೊಂಡು ನೆಮ್ಮದಿಯಾಗಿದ್ದೆ. ಹೈಸ್ಕೂಲು ಮುಗಿಸಿದ ಮೇಲೆ ಮುಂದೆ ಓದಲಿಲ್ಲ. ಗೋಕಾಕದ ಒಂದು ವಾರಪತ್ರಿಕೆಗೆ ಸುದ್ದಿ ಬರೆಯುತ್ತ, ಅದರ ಕಟ್ಟು ಬಸ್ಸಿಗೆ ಹಾಕುತ್ತ, ಕರಡು ತಿದ್ದುತ್ತ 'ಪೇಪರ್ ಕಾಕಾ' ಎಂಬ ಹೆಸರು ಸಂಪಾದಿಸಿದೆ. ನಿಜವಾದ ಹೆಸರಿನಿಂದ ಕರೆಯುವವರು ಈಗ ಬ್ಯಾಂಕಿನವರು ಮಾತ್ರ.

ನಮ್ಮ ಕಡೆಯ ಕಾರ್ಯಕ್ರಮಗಳನ್ನು ಕಂಡವರಿಗೆ ನನ್ನ ಕಷ್ಟ ಬೇಗ ತಿಳಿಯುತ್ತದೆ. ಹುಕ್ಕೇರಿಯಾಗಲಿ, ಸಂಕೇಶ್ವರವಾಗಲಿ, ಮೂಡಲಗಿಯಾಗಲಿ, ದೀಪ ಹಚ್ಚುವವರು ದೀಪ ಹಚ್ಚುತ್ತಾರೆ, ಸ್ವಾಗತಿಸುವವರು ಸ್ವಾಗತಿಸುತ್ತಾರೆ, ಶಾಲು ಹೊದಿಸಿಕೊಳ್ಳುವವರು ಹೊದಿಸಿಕೊಳ್ಳುತ್ತಾರೆ. ಇದಿಷ್ಟೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಅದನ್ನು ಎದುರಿಗಿಟ್ಟುಕೊಂಡು 'ಮಾಡಲಿದ್ದಾರೆ' ಎಂದಿದ್ದಲ್ಲೆಲ್ಲ 'ಮಾಡಿದರು' ಎಂದು ಬರೆದರೆ ವರದಿ ಸಿದ್ಧ. ಹಿಂದೆ ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಕಂಡಕ್ಟರನ ಕೈಗೆ ಕೊಡಬೇಕಿತ್ತು. ಕಾರ್ಯಕ್ರಮ ಮುಗಿಯುವತನಕ ಕಾದರೆ ಬಸ್ಸು ಹೋಗಿಬಿಡುತ್ತಿತ್ತು. ಆಗ ಹತ್ತಿದ ಚಟ ಇದು. ಈಗ ಸುದ್ದಿ ಫೋನಿನಲ್ಲೇ ಹೋಗುತ್ತದೆ, ಬಸ್ಸಿನ ಹಂಗಿಲ್ಲ. ಚಟ ಮಾತ್ರ ಉಳಿದಿದೆ. ಭಾಷಣ ಮಾಡುವವರೂ ನನಗೆ ಸಹಕರಿಸಿದರೆನ್ನಬೇಕು. ನಾನು ಮೊದಲೇ ಬರೆದದ್ದನ್ನು ಬಿಟ್ಟು ಬೇರೆ ಏನನ್ನೂ ಅವರು ಎಂದೂ ಮಾತಾಡಲಿಲ್ಲ.

ಹೀಗಿರುವಾಗ ನಮ್ಮ ಭಾಗಕ್ಕೆ ಒಂದು ದತ್ತಿ ಪ್ರತಿಷ್ಠಾನ ಬಂತು. ಸಂಸ್ಕೃತಿ, ಶಿಕ್ಷಣ, ಪತ್ರಿಕೋದ್ಯಮ, ಈ ಮೂರಕ್ಕೂ ಬೆಂಬಲ ಕೊಡುತ್ತದೆಂದು ಸುದ್ದಿಯಾಯಿತು. ಮೂರನ್ನೂ ಒಂದೇ ದಿನ, ಒಂದೇ ಮಂಟಪದಲ್ಲಿ ನೆರವೇರಿಸುವುದೆಂದು ಗೊತ್ತಾಯಿತು. ಮೂಡಲಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವಾಚನಾಲಯದ ಉದ್ಘಾಟನೆ, ಕಲ್ಲೋಳಿಯ ಬೀರಪ್ಪನ ತಂಡದಿಂದ ಡೊಳ್ಳಿನ ಪದ, ಕೊನೆಗೆ ಹಿರಿಯ ಗ್ರಾಮೀಣ ವರದಿಗಾರನಿಗೆ ಸತ್ಕಾರ. ಆ ಹಿರಿಯ ವರದಿಗಾರ ನಾನು. ಫಲಕದ ಮೇಲೆ 'ಸತ್ಯನಿಷ್ಠ' ಎಂದು ಕೆತ್ತಿಸಿದ್ದರಂತೆ. ಕೇಳಿದಾಗ ಸಂತೋಷವೇ ಆಯಿತು, ನಾಚಿಕೆ ಆಗಲಿಲ್ಲ. ಇದನ್ನೂ ಹೇಳಿಬಿಡುತ್ತೇನೆ.

ಇವೆಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ನಮ್ಮ ಹಳ್ಳಿಗಳ ಸುದ್ದಿ ಬರೆಯಲು ಪ್ರತಿಷ್ಠಾನ ಒಬ್ಬರನ್ನು ಪಗಾರ ಕೊಟ್ಟು ನೇಮಿಸುವುದಿತ್ತು. ಅದಕ್ಕೆ ಇಬ್ಬರು ಉಳಿದಿದ್ದರು. ಹುಕ್ಕೇರಿಯ ಸಂಜೀವ ಎಂಬ ಹುಡುಗ ಒಬ್ಬ; ನಾಗನೂರಿನ ಸವಿತಾ ಇನ್ನೊಬ್ಬಳು. ಸವಿತಾ ನಮ್ಮ ಪತ್ರಿಕೆಯಲ್ಲೇ ಎರಡು ವರ್ಷದಿಂದ ಬರೆಯುತ್ತಿದ್ದಳು. ಬರೆಯುತ್ತಿದ್ದಳು ಅಂದರೆ, ಪಗಾರ ಇದೆ ಎಂದು ಅವಳು ಮನೆಯಲ್ಲಿ ಹೇಳುತ್ತಿದ್ದಳು, ಕೊಡುತ್ತೇವೆಂದು ನಮ್ಮ ಮಾಲಕರು ಅವಳಿಗೆ ಹೇಳುತ್ತಿದ್ದರು. ಈ ಸಲ ಕೆಲಸ ಸಿಗದಿದ್ದರೆ ಸಂಕೇಶ್ವರದ ಒಂದು ಫೈನಾನ್ಸಿನಲ್ಲಿ ಮನೆಮನೆ ತಿರುಗಿ ಸಾಲದ ಕಂತು ವಸೂಲಿ ಮಾಡುವ ಕೆಲಸಕ್ಕೆ ಸೇರಬೇಕೆಂದು ಅವಳ ಅಪ್ಪ ಹೇಳಿಬಿಟ್ಟಿದ್ದ.

ಆ ಹುಡುಗಿಗೂ ನನಗೂ ಮೊದಲಿನಿಂದ ಒಂದೇ ತಕರಾರು. "ಕಾಕಾ, ಹೋಗಿ ನೋಡಿ ಬರ್ಯೂಣ್ರಿ" ಎನ್ನುತ್ತಾಳೆ. "ನೋಡೂದೇನೈತೆ ತಂಗಿ, ಎಲ್ಲಾ ಗೊತ್ತಿದ್ದದ್ದ" ಎನ್ನುತ್ತೇನೆ. "ಗೊತ್ತಿದ್ದದ್ದ ಆದ್ರ ಅದು ಸುದ್ದಿ ಹೆಂಗ ಆತ್ರಿ?" ಎನ್ನುತ್ತಾಳೆ. ಆಗ ನಾನು ಚಹಾ ತರಿಸುತ್ತೇನೆ.

ಕಾರ್ಯಕ್ರಮ ರವಿವಾರ. ನಮ್ಮ ಪತ್ರಿಕೆ ಅಚ್ಚಾಗುವುದು ಶನಿವಾರ. ಹಾಗಾಗಿ ಶುಕ್ರವಾರ ಊಟ ಮಾಡಿ, ಒಂದು ನಿದ್ದೆ ತೆಗೆದು, ರವಿವಾರದ ಕಾರ್ಯಕ್ರಮವನ್ನು ಮುಗಿಸಲು ಕೂತೆ. ಬೀರಪ್ಪನ ತಂಡ ಕೇಳುಗರನ್ನು ಮಂತ್ರಮುಗ್ಧಗೊಳಿಸಿತು. ನನ್ನ ಮಾತು ಸಭೆಯ ಮನ ಕಲಕಿತು. ಸವಿತಾಳ ನೇಮಕವನ್ನು ಪ್ರತಿಷ್ಠಾನದ ಅಧ್ಯಕ್ಷೆಯವರು ತುಂಬಿದ ಸಭೆಯಲ್ಲಿ ಘೋಷಿಸಿದರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆದರೆ ಹುಡುಗಿಗೆ ನನ್ನ ಕೈಲಾದ ಉಪಕಾರ ಮಾಡಬೇಕೆನ್ನಿಸಿತು, ಮಾಡಿದೆ. ಎಲ್ಲವೂ ಸುಸೂತ್ರವಾಗಿ ನಡೆಯಿತು. ಅಧ್ಯಕ್ಷೆಯವರ ಭಾಷಣದಲ್ಲಿ ಮಾತ್ರ ಗಾಡಿ ನಿಂತಿತು. ಗಂಡಸರ ಭಾಷಣವಾದರೆ ನನಗೆ ಬಾಯಿಪಾಠ. ವಾಚನಾಲಯ ಕಟ್ಟಿಸುವ ಹೆಣ್ಣುಮಗಳು ಏನು ಮಾತಾಡಬಹುದು?

ನನ್ನ ಹೆಂಡತಿ ಮಹಾದೇವಿ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. "ನೀ ಆದ್ರ ಏನಂತಿದ್ದಿ?" ಎಂದು ಕೇಳಿದೆ. ಆಕೆ ಮೊರದಿಂದ ಕಣ್ಣೆತ್ತದೆ, "ಮನ್ಯಾಗ ಹೆಣಮಗಳು ಪುಸ್ತಕ ಹಿಡದ ಕುಂತಕೂಡ್ಲೆ ಯಾರಿಗರ ನೀರಡಿಕಿ ಆಗತೈತಿ. ಅದಕ್ಕ ಆಕಿಗೆ ಮನೀ ಹೊರಗ ಒಂದ ಖುರ್ಚಿ ಬೇಕು ಅಂತಿದ್ನಿ" ಎಂದಳು. ಮಾತು ಚೆನ್ನಾಗಿದೆ ಎನ್ನಿಸಿತು. ಸ್ವಲ್ಪ ಶುದ್ಧ ಮಾಡಿ ಅಧ್ಯಕ್ಷೆಯವರ ಬಾಯಿಗೆ ಹಾಕಿದೆ. ಬರೆದು ಮುಗಿಸಿ, ಕುಡಿಯಲು ಒಂದು ತಂಬಿಗೆ ನೀರು ಕೇಳಿದೆ.

ಇಲ್ಲಿಯವರೆಗೆ ನಡೆದದ್ದು ನನ್ನ ನಿತ್ಯದ ಪಾಪ. ಇದರ ಮೇಲೆ ಹೊಸದೊಂದು ಮಾಡಿದೆ. ನಮ್ಮ ಪತ್ರಿಕೆ ರವಿವಾರ ಮೂಡಲಗಿ ತಲುಪುವುದು ಮಧ್ಯಾಹ್ನದ ಬಸ್ಸಿಗೆ. ಕಾರ್ಯಕ್ರಮಗಳೆಲ್ಲ ಅಷ್ಟರಲ್ಲಿ ಮುಗಿದಿರುತ್ತವೆ, ನನ್ನ ವರದಿಗಳು ಬದುಕಿದ್ದೇ ಆ ಬಸ್ಸಿನ ಪುಣ್ಯದಿಂದ. ಅಂದು ಮಾತ್ರ, ದೊಡ್ಡ ಮಂದಿ ಬರುತ್ತಾರೆ, ನಮ್ಮ ಪತ್ರಿಕೆಯನ್ನು ಕಣ್ಣಾರೆ ನೋಡಲಿ ಎಂಬ ಹುಮ್ಮಸ್ಸಿನಲ್ಲಿ, ಬೆಳಿಗ್ಗೆಯೇ ಒಂದು ಟಂಟಂ ಗಾಡಿ ಬಾಡಿಗೆಗೆ ಹಿಡಿದು ಕಟ್ಟುಗಳನ್ನು ತರಿಸಿದೆ. ಒಂದೊಂದು ಖುರ್ಚಿಯ ಮೇಲೆ ಒಂದೊಂದು ಪ್ರತಿ ನನ್ನ ಕೈಯಾರೆ ಇಟ್ಟೆ. ಮೊದಲ ಪುಟ ಮೇಲೆ ಬರುವಂತೆ ನೀಟಾಗಿ ಮಡಚಿ ಇಟ್ಟೆ. ಆ ಪುಟದಲ್ಲಿ ಏನಿದೆ ಎಂಬುದು ನನಗೆ ಹೊಳೆದದ್ದು ಬೀರಪ್ಪ ಡೊಳ್ಳು ಕೊರಳಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಾಗ.

"ಕಾಕಾ, ನಾವು ಹಾಡಿ ಮುಗಿಸೇವಂತಲ್ರಿ? ಮಂದಿಗೆ ಏನೋ ಮುಗ್ಧ ಆಗೇತಂತ. ಹಂಗಾರ ಡೊಳ್ಳ ಗಾಡ್ಯಾಗ ಹೇರ್ಲೇನು?"

ತಿರುಗಿ ನೋಡಿದೆ. ಮಂಟಪದ ತುಂಬ ಜನ ಪತ್ರಿಕೆ ಓದುತ್ತಿದ್ದರು. ಹೀಗೆ ಇಡೀ ಊರು ಕೂತು ನಾನು ಬರೆದದ್ದನ್ನು ಓದಲಿ ಎಂದು ಜೀವಮಾನವೆಲ್ಲ ಆಸೆಪಟ್ಟಿದ್ದೆ. ಆಸೆ ಈಡೇರಿತು. ಹಿಂದಿನ ಸಾಲಿನಲ್ಲಿ ಒಬ್ಬ ಜೋರಾಗಿ ಓದಿ ಹೇಳುತ್ತಿದ್ದ. "ಲೇ, ಇನ್ನ ಎರಡ ಭಾಷಣ ಅದಾವ, ಅಮ್ಯಾಲ ಊಟ" ಎಂದು ಅವನ ಬಾಜೂದವನು ಸಮಾಧಾನಪಟ್ಟುಕೊಂಡ. ಸವಿತಾ ಪತ್ರಿಕೆ ಹಿಡಿದು ನಿಂತಿದ್ದಳು. ತನ್ನ ಹೆಸರು ಓದಿದ್ದಳೆಂಬುದು ಮುಖದಲ್ಲೇ ಕಾಣುತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಕಾಕಾ, ನೀವು ನನಗ ಒಂದ್ ಮಾತ ಕೇಳಬೇಕಾಗಿತ್ರಿ" ಎಂದಷ್ಟೇ ಹೇಳಿ ಹೋಗಿ ಕೊನೆಯ ಖುರ್ಚಿಯಲ್ಲಿ ಕೂತಳು.

ಅಧ್ಯಕ್ಷೆಯವರು ಬೆಳಗಾವಿ ಕಡೆಯವರು, ವಯಸ್ಸಾದವರು. ವೇದಿಕೆಯಲ್ಲಿ ಕೂತು ಕನ್ನಡಕ ಹಾಕಿಕೊಂಡು ಮೊದಲ ಪುಟವನ್ನು ಮೇಲಿನಿಂದ ಕೆಳತನಕ ಓದಿದರು. ಎರಡನೆಯ ಸಲವೂ ಓದಿದರು. ಮೈಕಿನ ಮುಂದೆ ನಿಂತು, "ನನ್ನ ಭಾಷಣ ಓದಿದೆ. ನಾನು ಬರಕೊಂಡು ಬಂದಿದ್ದಕ್ಕಿಂತ ಚಲೋ ಆಗೇದ" ಎಂದರು. ಜನ ನಕ್ಕರು. ನಾನೂ ನಕ್ಕೆ, ಯಾರಾದರೂ ನೋಡಿದರೆ ನೋಡಲಿ ಎಂದು.

ಅಷ್ಟರಲ್ಲಿ ಹುಕ್ಕೇರಿಯ ಸಂಜೀವ ಎದ್ದು ನಿಂತ. "ಮೇಡಂ, ಯಾರನ್ನ ತಗೋಬೇಕಂತ ಮೊದಲ ಠರಾವ ಆಗಿದ್ರ ನನ್ನ ಯಾಕ ಕರಿಸಿದ್ರಿ?"

ಅವನು ಕೇಳಿದ್ದು ನ್ಯಾಯ. ಅಧ್ಯಕ್ಷೆಯವರ ನಗು ನಿಂತಿತು. "ನಾವು ಯಾರನ್ನೂ ಆರಿಸಿಲ್ಲ. ಈ ಸುದ್ದಿ ಯಾರು ಕೊಟ್ಟಾರ?" ಎಂದರು. ಎಲ್ಲರೂ ಸವಿತಾಳ ಕಡೆ ನೋಡಿದರು. ಅವಳೇ ಬರೆಸಿಕೊಂಡಿದ್ದಾಳೆಂದು ತಿಳಿಯಲು ಯಾರಿಗೂ ಕಷ್ಟವಿರಲಿಲ್ಲ, ಅವಳದೇ ಪತ್ರಿಕೆ. ಆ ಹುಡುಗಿ ಸಂಕೇಶ್ವರದ ಓಣಿಗಳಲ್ಲಿ ಕಂತು ಕೇಳುತ್ತ ಅಲೆಯುವುದು ನನಗೆ ಅಲ್ಲೇ ಕಂಡಿತು. ಎದ್ದು ಮೈಕಿಗೆ ಹೋದೆ. ಸತ್ಕಾರಕ್ಕೆ ಎದ್ದನೆಂದು ತಿಳಿದು ಜನ ಚಪ್ಪಾಳೆ ಹೊಡೆದರು.

ಹೇಳಿದೆ. ಶುಕ್ರವಾರವೇ ಬರೆದದ್ದು, ಹುಡುಗಿಗೆ ಗೊತ್ತಿಲ್ಲ, ಅವಳ ಹೆಸರು ನನ್ನದೇ ಕಿತಾಪತಿ, ಮೊದಲಿನಿಂದ ಹೀಗೇ ಬರೆಯುತ್ತ ಬಂದಿದ್ದೇನೆ, ಎಲ್ಲ ಹೇಳಿದೆ. ಅಧ್ಯಕ್ಷೆಯವರು ಪತ್ರಿಕೆಯ ಒಂದು ಸಾಲಿನ ಮೇಲೆ ಬೆರಳಿಟ್ಟು, "ಹೆಣ್ಣುಮಗಳು ಪುಸ್ತಕ ಹಿಡಿದರೆ ಮನೆಯವರಿಗೆ ನೀರಡಿಕೆಯಾಗುವ ಈ ಮಾತು ನಾನು ಆಡಿಲ್ಲ. ಆಡಬೇಕಿತ್ತು. ಇದೂ ನಿಮ್ಮದ ಏನು?" ಎಂದು ಕೇಳಿದರು.

"ಹೌದ್ರಿ, ನಂದರಿ" ಎಂದೆ.

ನೋಡಿರಿ, ಮೈಕಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತಿರುವವನು ಆ ತಪ್ಪೊಪ್ಪಿಗೆಯ ನಡುವೆಯೇ ಒಂದು ಮಾತು ಕದ್ದ. ಅವರು ಹೊಗಳುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ಹೊಗಳಿಕೆಯ ಅಗತ್ಯ ಬಹಳವಿತ್ತು.

ಶಾಲು ಹೊದಿಸಿದರು, ಫಲಕ ಕೊಡಲಿಲ್ಲ. ಅದನ್ನು ವಾಪಸು ಚೀಲಕ್ಕೆ ಹಾಕಿದ್ದನ್ನು ನಾನು ನೋಡಿದೆ. ಆಮೇಲೆ ಅಧ್ಯಕ್ಷೆಯವರು ಸವಿತಾಳನ್ನೂ ಸಂಜೀವನನ್ನೂ ಕರೆದು, ಇಂದಿನ ಕಾರ್ಯಕ್ರಮದ ವರದಿಯನ್ನು ಇಬ್ಬರೂ ಬರೆದು ಕೊಡಬೇಕು, ಅದನ್ನು ನೋಡಿ ಒಬ್ಬರನ್ನು ಆರಿಸುತ್ತೇವೆ ಎಂದರು. ಬೀರಪ್ಪ ಹಾಡಿದ. ಚೆನ್ನಾಗಿಯೇ ಹಾಡಿದ, ಆದರೆ ಮುಗ್ಧರಾದವರು ಯಾರೂ ಕಾಣಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮರುದಿನ ಸಂಜೀವನ ಫೋನು ಬಂತು. "ಕಾಕಾ, ನೀವ ಅನುಭವಸ್ಥರು. ನೀವ ಸ್ವಲ್ಪ ಮ್ಯಾಟರ್ ಕಳಸ್ರಲಾ, ನಾ ಹಂಗ ಹಾಕ್ತೇನಿ" ಎಂದ. ಇಂಥವನ ಕೈಗೆ ಕೆಟ್ಟದ್ದೇನಾದರೂ ಬರೆದು ಕೊಟ್ಟರೆ ಸವಿತಾಳ ದಾರಿ ಸಲೀಸು ಎಂಬ ವಿಚಾರವೂ ಬಂತು. ಆದರೆ ನನ್ನ ಬಗ್ಗೆ ನಾನೇ ಕೆಟ್ಟದ್ದು ಬರೆಯುವುದು ಹೇಗೆ? ಹಿರಿಯ ಪತ್ರಕರ್ತನ ದಿಟ್ಟ ತಪ್ಪೊಪ್ಪಿಗೆ ಎಂದು ಬರೆದು ಕಳಿಸಿದೆ. ಸಭಿಕರು ಎದ್ದು ನಿಂತು ಗೌರವಿಸಿದರು ಎಂದೂ ಸೇರಿಸಿದೆ. ಎದ್ದು ನಿಂತದ್ದೇನೋ ಖರೆ. ಊಟ ಸಿದ್ಧವಾಗಿತ್ತು.

ಅದೇ ಹೊತ್ತಿಗೆ ಸವಿತಾ ನಾಗನೂರಿನಿಂದ ಬಸ್ಸು ಹಿಡಿದು ಮನೆಗೆ ಬಂದಳು. ಗುರುತೇ ಇಲ್ಲದವಳಂತೆ ಎದುರು ಕೂತು ಕೇಳತೊಡಗಿದಳು. ಯಾವಾಗ ಬರೆದಿರಿ, ಯಾಕೆ ಬರೆದಿರಿ, ಮೊದಲು ಯಾರಿಗೆ ತೋರಿಸಿದಿರಿ.

"ನಿನ್ನ ಸಲುವಾಗೇ ಬರದ್ನೆವ್ವಾ."

"ಅದಕ್ಕ ಹೋಗಾಕತ್ತಿತ್ರಿ ನನ್ನ ಕೆಲಸ" ಎಂದು ಹೇಳಿ, ನನ್ನನ್ನು ಅಲ್ಲೇ ಬಿಟ್ಟು ಅಡಿಗೆಮನೆಗೆ ಹೋದಳು. ಒಳಗಿನಿಂದ ಅವಳದೂ ಮಹಾದೇವಿಯದೂ ನಗು ಕೇಳಿಸಿತು. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟು ಜನ ನಗುವಾಗ ನನಗೆ ಒಳ್ಳೆಯದಾಗುವುದಿಲ್ಲ. ಹೊರಗೆ ಬಂದವಳೇ, "ಕಾಕಾ, ನೀರಡಿಕಿ ಮಾತು ಕಾಕೂಂದಂತಲ್ರಿ?" ಎಂದಳು.

"ಮನೀ ಮಾತ ಪೇಪರಿಗೆ ಯಾಕ ತಂಗಿ?"

"ಆಗಳೇ ಬಂದೈತಲ್ರಿ ಪೇಪರಿಗೆ. ಯಾರದಂತ ಒಂದ ತಪ್ಪೈತಿ, ಅಷ್ಟ."

ಒಳಗಿನಿಂದ ಮಹಾದೇವಿ, "ಬರೀಬ್ಯಾಡವ್ವಾ, ಪಾಪ, ಮಂದಿ ಮುಂದ ಮರ್ಯಾದಿ ಹೋಗತೈತಿ ಅವ್ರದು" ಎಂದಳು. ಬರೆದರೆ ಎಷ್ಟು ಮರ್ಯಾದೆ ಹೋಗುತ್ತಿತ್ತೋ ಕಾಣೆ, ಆ 'ಪಾಪ'ದಲ್ಲಿ ಇದ್ದದ್ದೆಲ್ಲ ಹೋಯಿತು. "ಬರಕೋ" ಎಂದೆ. "ಆಕೀದ ಮಾತು. ನಾ ಮಂದಿ ಮುಂದ ನಂದಂತ ಹೇಳೇನಿ. ಅದನೂ ಬರಕೋ." ಸವಿತಾ ಬರೆದುಕೊಂಡಳು. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿ, ಸರಿಯಿದೆಯೇ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಹಾಗೆ ಕೇಳಿದವನಲ್ಲ.

ಕೆಲಸ ಸವಿತಾಳಿಗೆ ಸಿಕ್ಕಿತು. ಸಂಜೀವನ ವರದಿ ಓದಿದ ಅಧ್ಯಕ್ಷೆಯವರು ನನಗೆ ಫೋನು ಮಾಡಿ, "ಇದರಾಗ ನಿಮ್ಮ ಕೈ ಕಾಣಸ್ತದಲ್ಲ?" ಎಂದರು. ಆದರೆ ಅವರು ಫೋನು ಮಾಡಿದ್ದು ಅದಕ್ಕಾಗಿ ಆಗಿರಲಿಲ್ಲ. ಸವಿತಾಳ ವರದಿಯನ್ನು ಓದಿ, ಹುಕ್ಕೇರಿಯಲ್ಲಿ ತಾವು ತೆರೆಯಲಿರುವ ಇನ್ನೊಂದು ವಾಚನಾಲಯದ ಉದ್ಘಾಟನೆಗೆ ಮಹಾದೇವಿಯವರು ಬಂದು ನಾಲ್ಕು ಮಾತು ಆಡಬೇಕೆಂದು ಕರೆಯಲು ಮಾಡಿದ್ದರು. "ಹಂಗ, ನೀವೂ ಬರ್ರಿ" ಎಂದರು.

ಕಾರ್ಯಕ್ರಮ ನಾಳೆ. ಮಹಾದೇವಿ ಸೀರೆ ತೆಗೆದಿಟ್ಟಿದ್ದಾಳೆ. ಅಲ್ಲಿ ಏನು ಮಾತಾಡುತ್ತೀ ಎಂದು ಮೆಲ್ಲಗೆ ಕೇಳಿದೆ. ಬೇಕಾದರೆ ಸ್ವಲ್ಪ ಬರೆದು ಕೊಡುತ್ತೇನೆಂದೂ ಹೇಳಿದೆ. "ನೀವು ಸುಮ್ಮ ಕುಂದರ್ರಿ. ಅಲ್ಲಿ ಹ್ವಾದಮ್ಯಾಲ ಬಾಯಿಗೆ ಏನ ಬರತೈತಿ ಅದನ್ನ ಆಡ್ತೇನಿ" ಎಂದಳು. ಸುಮ್ಮನೆ ಕೂತಿದ್ದೇನೆ. ನಲವತ್ತೈದು ವರ್ಷ ನೀರು ಕೇಳಿದವನ ಬಗ್ಗೆ ಆಕೆ ನಾಳೆ ಮೈಕಿನ ಮುಂದೆ ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಏನಾಗುತ್ತದೆಂದು ಗೊತ್ತಿಲ್ಲದೆ ನಾನು ಒಂದು ಕಾರ್ಯಕ್ರಮಕ್ಕೆ ಹೋಗುತ್ತಿರುವುದು ಇದೇ ಮೊದಲು. ಮುಂದಿನ ಸಾಲಿನಲ್ಲಿ ಕೂರುವಷ್ಟು ಧೈರ್ಯವಿಲ್ಲ.