ಹ್ಯಾಂಗ ಆಗೈತಿ ಅಂತ ಕೇಳಿದ್ದಕ್ಕೆ

ಆಗ ನನಗೆ ಅರವತ್ತೆರಡು. ಹದಿನಾರು ವರ್ಷದ ಹಿಂದಿನ ಮಾತು. ನಾನು ಶಾಲೆ ಕಲಿತದ್ದು ಎರಡನೇ ಕ್ಲಾಸಿನವರೆಗೆ. ಬಸ್ಸಿನ ಬೋರ್ಡು ಓದಬಲ್ಲೆ, ಅದೂ ಬಸ್ಸು ನಿಂತಿದ್ದರೆ. ಆದರೂ ನಮ್ಮ ಮನೆಯಲ್ಲಿ ಕೆಟ್ಟ ಯಾವ ಯಂತ್ರವೂ ನನ್ನ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ರೇಡಿಯೋ ನಿಂತರೆ ತಲೆಗೆ ಒಂದು ಏಟು. ಮಿಕ್ಸಿ ನಿಂತರೆ ಬುಡಕ್ಕೆ ಒಂದು. ಟಿವಿಗೆ ಎರಡು. ಎಲ್ಲವೂ ಬಾಯಿಬಿಟ್ಟವು. ಹೀಗಿರುವಾಗ ಲ್ಯಾಪ್‌ಟಾಪು ಯಾವ ದೊಡ್ಡ ದೊರೆ?

ನಮ್ಮ ಯಜಮಾನರದು ತೆಲಿಗಿಯಲ್ಲಿ ಮೈಕ್ ಸೆಟ್ಟಿನ ಕಸುಬು. ಮದುವೆ, ಗೃಹಪ್ರವೇಶ, ಎಲೆಕ್ಷನ್ ಅಂತ ಜೀವನವಿಡೀ ಸ್ಪೀಕರಿನ ಪಕ್ಕದಲ್ಲೇ ಕೂತು ಎರಡೂ ಕಿವಿ ಮಂದ ಮಾಡಿಕೊಂಡ ಮನುಷ್ಯ. ಏನು ಹೇಳಬೇಕಾದರೂ ಅವರ ಕಿವಿಗೆ ಬಾಯಿ ಹಚ್ಚಿ ಕೂಗಬೇಕು. ನಮ್ಮ ಸಂಸಾರದಲ್ಲಿ ಗುಟ್ಟು ಎಂಬುದು ಇರಲೇ ಇಲ್ಲ. ಓಣಿಗೆಲ್ಲ ಕೇಳಿಸುತ್ತಿತ್ತು.

ಮಗ ಕೊಟ್ರೇಶನಿಗೆ ಮೂವತ್ತು ದಾಟಿತ್ತು, ಹೆಣ್ಣು ಸಿಕ್ಕಿರಲಿಲ್ಲ. ಹೋದ ಮನೆಯಲ್ಲೆಲ್ಲ "ಮೈಕಿನವ್ಗ ಯಾರು ಕೊಡ್ತಾರ?" ಅನ್ನುತ್ತಿದ್ದರು. ಕೊನೆಗೆ ಅವನು ಹಟಕ್ಕೆ ಬಿದ್ದು ದಾವಣಗೆರೆಯಿಂದ ಹಳೆಯದೊಂದು ಲ್ಯಾಪ್‌ಟಾಪ್ ತಂದ. ಸ್ಪೀಕರ್ ಡಬ್ಬಗಳ ಮೇಲೆ ಕೆಂಪು ಬಣ್ಣದಲ್ಲಿ 'ಡಿಜೆ' ಅಂತ ಬರೆಸಿದ. ಕಸುಬು ಅದೇ, ಗದ್ದಲ ಅದೇ, ಹೆಸರು ಮಾತ್ರ ಬೇರೆ. ಅಷ್ಟಕ್ಕೇ ಹಗರಿಬೊಮ್ಮನಹಳ್ಳಿಯ ಹತ್ತಿ ವ್ಯಾಪಾರಿ ಬಸವರಾಜಪ್ಪ ಹೇಳಿ ಕಳಿಸಿದರು: "ನಿಮ್ಮ ಓಣಿ ಮದುವಿಗೆ ಹೆಂಗೂ ಬರೋನದೀನಿ. ಮೆರವಣಿಗ್ಯಾಗ ಹುಡುಗನ ಕೆಲಸ ನೋಡ್ತೀನಿ. ಮನಸ್ಸಿಗೆ ಬಂದ್ರ ಮಗಳ್ನ ಕೊಡ್ತೀನಿ."

ವರನನ್ನು ಬಿಟ್ಟು ವರನ ಕಂಪ್ಯೂಟರಿಗೆ ಪರೀಕ್ಷೆ ಇಟ್ಟದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು!

ಆ ಲ್ಯಾಪ್‌ಟಾಪಿಗೆ ಒಂದು ರೋಗವಿತ್ತು. ಉಗ್ಗು. ಹಾಡು ಅರ್ಧಕ್ಕೆ ಬಂದಾಗ "ಬಾ-ಬಾ-ಬಾ-ಬಾ" ಅನ್ನುತ್ತ ಒಂದೇ ಕಡೆ ನಿಂತುಬಿಡುವುದು. ಕುಣಿಯುವವರು ಎತ್ತಿದ ಕಾಲು ಎಲ್ಲಿಡಬೇಕೆಂದು ತಿಳಿಯದೆ ಕೊಕ್ಕರೆಯ ಹಾಗೆ ನಿಲ್ಲುವರು. ದಾವಣಗೆರೆಯ ಕಂಪ್ಯೂಟರ್ ಅಂಗಡಿಯ ಮಂಜಣ್ಣ, ಸಾಫ್ಟ್‌ವೇರು ಹಳೆಯದಾಗಿದೆ, ಹೊಸದು ಹಾಕಿದರೆ ಉಗ್ಗು ಹೋಗುತ್ತದೆ ಅಂತ ಒಂದು ಸಿಡಿ ಕೊಟ್ಟಿದ್ದನಂತೆ. ಓಣಿಯ ಆ ಮದುವೆಯ ದಿನ ಮಧ್ಯಾಹ್ನ ಕೊಟ್ರೇಶ ಅದನ್ನು ಲ್ಯಾಪ್‌ಟಾಪಿನ ಪಕ್ಕೆಗೆ ತುರುಕಿದ.

"ಇವತ್ತ ಯಾಕೋ? ನಾಳೆ ಹಾಕಿದ್ರಾತು" ಅಂದೆ.

"ಇವತ್ತು ಉಗ್ಗಿದ್ರ ನಾಳೆ ನಂಗ ಮದಿವಿ ಇಲ್ಲವ್ವಾ" ಅಂದ.

ಪರದೆಯ ಮೇಲೆ ಹಸಿರು ಗೆರೆಯೊಂದು ಬಸವನಹುಳುವಿನಂತೆ ಹೊರಟಿತು. ಅವನಿಗೆ ಟ್ರ್ಯಾಕ್ಟರಿನ ಟ್ರೇಲರಿಗೆ ಸ್ಪೀಕರ್ ಏರಿಸಲು ಹೋಗಬೇಕಿತ್ತು. "ಈ ಗೆರಿ ಆ ತುದಿ ಮುಟ್ಟೋತನ ಕೈ ಹಚ್ಚಬ್ಯಾಡ. ಹೊಡಿಯಂತೂ ಹೊಡೀಬ್ಯಾಡ! ಏನರ ಆದ್ರ ಈ ಮೊಬೈಲ್ನ್ಯಾಗ ಒಂದನೇ ನಂಬರ್ ಒತ್ತಿ ಹಿಡಿ, ಮಂಜಣ್ಣ ಸಿಗ್ತಾನ" ಅಂತ ಹೇಳಿ ಹೋದ.

ನಾನು ಚಾಪೆ ಹಾಸಿಕೊಂಡು ಕಾವಲು ಕೂತೆ. ನಿಜ ಹೇಳುತ್ತೇನೆ, ಕೈ ಹಚ್ಚಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅದು ಗುರ್ ಅನ್ನತೊಡಗಿತು. ಯಜಮಾನರು ಬಂದು ಅದರ ಬೆನ್ನು ಮುಟ್ಟಿ ನೋಡಿದರು.

"ಮೈ ಸುಡಾಕತ್ತೈತಲ್ಲೇ! ಜ್ವರ!"

ಆಚೆಮನೆಯ ಗಂಗಮ್ಮ ಜೋಳ ಕೇರುತ್ತಿದ್ದವಳು ಮೊರ ಹಿಡಿದೇ ಒಳಗೆ ಬಂದಳು. "ಒದ್ದಿ ಅರಿವಿ ಹಾಕ್ರಿ" ಅಂದಳು.

"ಕರೆಂಟಿನ ಸಾಮಾನಿಗೆ ನೀರು ಹಾಕ್ತಾರೇನ? ಬುದ್ಧಿ ಐತಿಲ್ಲ ನಿನಗ?" ಅಂತ ಅವಳನ್ನು ಬೈದು, ಅವಳ ಕೈಯಲ್ಲಿದ್ದ ಮೊರವನ್ನೇ ಕಸಿದುಕೊಂಡು ಗಾಳಿ ಹಾಕಿದೆ. ಗಾಳಿ ಚೆನ್ನಾಗಿಯೇ ಬಂತು. ಗಾಳಿಯ ಜೊತೆ ಮೊರದಲ್ಲಿದ್ದ ಜೋಳದ ಹೊಟ್ಟೂ ಬಂತು. ಲ್ಯಾಪ್‌ಟಾಪಿನ ಪಕ್ಕದಲ್ಲಿ ಸಣ್ಣ ಸಣ್ಣ ಕಂಡಿಗಳಿದ್ದವಲ್ಲ, ಅವು ಆ ಹೊಟ್ಟನ್ನು ಹಸಿದ ಎಮ್ಮೆಯ ಹಾಗೆ ಒಳಗೆಳೆದುಕೊಂಡವು. ಗುರ್ ಅನ್ನುತ್ತಿದ್ದದ್ದು ಕೊರ್ ಅನ್ನತೊಡಗಿತು.

ಹಸಿರು ಗೆರೆ ಅರ್ಧ ದಾರಿಯಲ್ಲಿ ಬಹಳ ನಿಧಾನವಾಯಿತು. ಸಂಜೆ ಹತ್ತಿರ ಬರುತ್ತಿತ್ತು. ಒಮ್ಮೆ ಮಂಜಣ್ಣನನ್ನು ಕೇಳಿಯೇಬಿಡೋಣ, ಅವನ ಸಿಡಿಯ ಕೆಲಸ ಹೇಗೆ ನಡೆದಿದೆ ಅಂತ ಅವನೇ ಹೇಳಲಿ ಅನ್ನಿಸಿತು.

ಇಲ್ಲೊಂದು ಮಾತು ಹೇಳಬೇಕು. ನನ್ನ ತವರು ಹಡಗಲಿ ಕಡೆ. ಅಲ್ಲಿ ನಾವು 'ಹೇಗೆ' ಅನ್ನುವುದಕ್ಕೆ 'ಹ್ಯಾಂಗ' ಅನ್ನುತ್ತೇವೆ. ದಾವಣಗೆರೆಯವರು 'ಹೆಂಗೆ' ಅನ್ನುತ್ತಾರೆ. ತೆಲಿಗಿಗೆ ಸೊಸೆಯಾಗಿ ಬಂದು ತಲೆ ನೆರೆತರೂ ನನ್ನ ಹ್ಯಾಂಗ ಹೆಂಗೆ ಆಗಿರಲಿಲ್ಲ, ಯಜಮಾನರ ಹೆಂಗೆಯೇ ಹ್ಯಾಂಗ ಆಗಿತ್ತು.

ಒಂದನೇ ನಂಬರ್ ಒತ್ತಿ ಹಿಡಿದೆ.

"ಹೇಳ್ರಿ, ಯಾರು?"

"ನಾನಪ್ಪಾ, ತೆಲಿಗಿ ಕೊಟ್ರೇಶನ ಅವ್ವ. ಆ ಲ್ಯಾಪ್‌ಟಾಪು... ಹ್ಯಾಂಗ ಆಗೈತಿ?"

"ಹ್ಯಾಂಗ್ ಆಗೈತಾ?" ಮಂಜಣ್ಣನ ದನಿಯಲ್ಲಿ ಗಾಬರಿ.

"ಅದನ್ನ ನಾ ನಿನ್ನ ಕೇಳಾಕತ್ತೀನಿ. ನೀ ನನ್ನ ಕೇಳ್ತೀಯಲ್ಲ!"

"ಅಲ್ರೀ ಅಮ್ಮಾ, ಪೂರ್ತಿ ಹ್ಯಾಂಗ್ ಆಗೈತಾ?"

"ಪೂರ್ತಿ ಹ್ಯಾಂಗ ಆಗೈತಿ ಅಂತ ನನಗ್ಯಾಂಗ ಗೊತ್ತಾಗಬೇಕಪ್ಪಾ? ನಾ ಓದಿದಾಕಿ ಅಲ್ಲ. ಹ್ಯಾಂಗ ಆಗೈತಿ, ಅಷ್ಟ ಹೇಳು!"

"ಅಯ್ಯೋ, ಹ್ಯಾಂಗ್ ಆಗಿದ್ರೆ ಬೇರೆ ದಾರಿನೇ ಇಲ್ರಿ. ಮೇಲುಗಡೆ ದುಂಡನೆ ಬಟನ್ ಐತಲ್ಲ, ಅದನ್ನ ಒತ್ತಿ ಹಿಡ್ಕಳ್ರಿ. ಪರದೆ ಕಪ್ಪಾಗೋವರೆಗೂ ಬಿಡಬ್ಯಾಡ್ರಿ."

ಅಂಗಡಿಯವನೇ ಹೇಳಿದ ಮೇಲೆ ಮಾತೇನು? ಒತ್ತಿ ಹಿಡಿದೆ. ಹಸಿರು ಗೆರೆ ಸತ್ತಿತು. ಪರದೆ ಕಪ್ಪಾಯಿತು. ಕೊರ್ ಅನ್ನುವುದೂ ನಿಂತಿತು. ಜ್ವರ ಇಳಿಯಿತು!

"ನೋಡಿದೇನ ಗಂಗಮ್ಮಾ, ಒಂದ ಒತ್ತಿಗೆ ತಣ್ಣಗಾತು" ಅಂದೆ. ಆ ಹೆಮ್ಮೆಯಲ್ಲಿ ಚಹಾ ಮಾಡಿಕೊಂಡು ಕುಡಿದೆ.

ಕೊಟ್ರೇಶ ಬಂದ. ಕಪ್ಪು ಪರದೆ ನೋಡಿ ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಮತ್ತೆ ಚಾಲೂ ಮಾಡಿದ. ಹಾಡುಗಳ ಹಳೆಯ ಸಾಫ್ಟ್‌ವೇರು ಹೋಗಿತ್ತು, ಹೊಸದು ಅರ್ಧ ಮಾತ್ರ ಕೂತಿತ್ತು. ಇನ್ನೊಮ್ಮೆ ಮೊದಲಿನಿಂದ ಹಾಕಲು ಹೊತ್ತಿರಲಿಲ್ಲ.

"ಹ್ಯಾಂಗ್ ಆಗಿರಲಿಲ್ಲವ್ವಾ! ನಡೀತಿತ್ತು! ಹ್ಯಾಂಗ್ ಅಂದ್ರ ಕಂಪ್ಯೂಟ್ರು ಕಲ್ಲಾಗಿ ನಿಂತಬಿಡೋದು!"

"ಮತ್ತ ನಾ ಹ್ಯಾಂಗ ಆಗೈತಿ ಅಂತ ಕೇಳಿದ್ರ ಅವ ಯಾಕ ನೆಟ್ಟಗ ಹೇಳಲಿಲ್ಲ?"

"ನೀ ಹಂಗ ಕೇಳಿದ್ದಕ್ಕ ಹಿಂಗ ಆಗೈತಿ!"

ಯಜಮಾನರು ನಡುವೆ ತಲೆ ಹಾಕಿ, "ಹ್ಯಾಂಗ ಆಗೈತಂತ?" ಅಂದರು. ಕೊಟ್ರೇಶ ತಲೆಯ ಮೇಲೆ ಕೈ ಹೊತ್ತು ಹೊರಗೆ ಹೋದ.

ಹೇಗೋ ಮಾಡಿ ಆ ಅರೆಬರೆ ಸಾಫ್ಟ್‌ವೇರಿನಲ್ಲೇ ಒಂದು ಹಾಡು ಹೊರಡಿಸಿದ. ಆದರೆ ಹೊಟ್ಟು ತಿಂದ ಲ್ಯಾಪ್‌ಟಾಪಿಗೆ ಮತ್ತೆ ಜ್ವರ. "ನೀನ ಕೆಡಿಸೀದಿ, ನೀನ ಬಂದು ಗಾಳಿ ಹಾಕು" ಅಂತ ನನ್ನನ್ನೂ ಟ್ರೇಲರಿಗೆ ಹತ್ತಿಸಿದ. ಬೀಸಣಿಗೆ ಹಿಡಿದು ಲ್ಯಾಪ್‌ಟಾಪಿನ ಮುಂದೆ ನಾನು, ನನ್ನ ಪಕ್ಕಕ್ಕೆ ವೈರು ಕಾಯಲು ಯಜಮಾನರು, ಹಿಂದೆ ಗುಡ್ಡದಂತೆ ಸ್ಪೀಕರು. ಮದುಮಗ ಇಳಿದು ಹೋದ ಮೇಲೆ ಮುದಿ ಜೋಡಿಯೊಂದು ಮೆರವಣಿಗೆ ಹೊರಟಂತಿತ್ತು!

ಮದುವೆ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಹುಡುಗರು ಕುಣಿಯಲು ಶುರುಮಾಡಿದರು. ಚಪ್ಪರದ ಕೆಳಗೆ ಬಿಳಿ ಅಂಗಿ ಹಾಕಿಕೊಂಡು ಬಸವರಾಜಪ್ಪ ಕುರ್ಚಿಯಲ್ಲಿ ಕೂತಿದ್ದರು. ಹಾಡು ಉಗ್ಗುತ್ತಿರಲಿಲ್ಲ. ಅವರು ತಲೆಯಾಡಿಸುತ್ತಿದ್ದರು. ಕೊಟ್ರೇಶನ ಮುಖಕ್ಕೆ ಕಳೆ ಬಂತು. ಇನ್ನೇನು, ಹೆಣ್ಣು ಬಂದಂತೆಯೇ!

ಆಗ ಯಜಮಾನರು ಕೇಳಿದರು: "ಹೆಣ್ಣಿನಪ್ಪ ಯಾರಲೇ?"

ನಾನು ಒಂದು ಮೊಣಕೈಯನ್ನು ಲ್ಯಾಪ್‌ಟಾಪಿನ ಮೇಲೆ ಊರಿ, ಅವರ ಕಿವಿಗೆ ಬಗ್ಗಿ ಕೂಗಿದೆ: "ಅಗೋ, ಆ ಬಿಳಿ ಅಂಗಿ! ಹೊಟ್ಟಿ ನೋಡ್ರಿ, ಹೊಟ್ಟಿ! ಗುಂಡಿ ಹರದು ಯಾರ ಕಣ್ಣಿಗೆ ಬಡೀತಾವೋ!"

ಅರೆಬರೆ ಕೂತ ಹೊಸ ಸಾಫ್ಟ್‌ವೇರಿನಲ್ಲಿ ಲ್ಯಾಪ್‌ಟಾಪಿನ ಒಳಗಿನ ಮೈಕು ತಾನಾಗಿಯೇ ಚಾಲೂ ಆಗಿತ್ತಂತೆ. ಕೇಳಿದ ಮಾತನ್ನು ಹಿಡಿದು, ತಾಳಕ್ಕೆ ಹೊಂದಿಸಿ, ಮತ್ತೆ ಮತ್ತೆ ಹಾಡಿಸುವ ಗುಂಡಿಯೂ ಅದರಲ್ಲಿ ಹೊಸದಾಗಿ ಇತ್ತಂತೆ. ಇದೆಲ್ಲ ಆಮೇಲೆ ಕೊಟ್ರೇಶ ಹೇಳಿದ್ದು. ನನ್ನ ಮೊಣಕೈ ಇದ್ದದ್ದು ಆ ಗುಂಡಿಯ ಮೇಲೆ.

ಧಡಂ ಧಡಂ! "ಹೊಟ್ಟಿ ನೋಡ್ರಿ, ಹೊಟ್ಟಿ!" ಧಡಂ ಧಡಂ! "ಹೊಟ್ಟಿ ನೋಡ್ರಿ, ಹೊಟ್ಟಿ!"

ಯಾವುದೋ ಹೊಸ ಹಾಡು ಬಂದಿದೆ, ಹಾಡಿದವಳ ದನಿ ಮಾತ್ರ ಕಾಗೆಯದು ಅಂದುಕೊಂಡೆ. ನನ್ನದೇ ದನಿ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಜಮಾನರು ಹಲ್ಲುಕಿರಿದು ನನ್ನ ಕಡೆ ತಿರುಗಿದರು.

"ಇವತ್ತ ನೋಡು ನಿನ್ನ ಮಾತು ಸ್ಪಷ್ಟ ಕೇಳಾಕತ್ತೈತಿ!"

ಅಷ್ಟರಲ್ಲಿ ಉಗ್ಗೂ ವಾಪಸು ಬಂತು. "ಹೊ-ಹೊ-ಹೊ-ಹೊಟ್ಟಿ!" ಹುಡುಗರು ಹುಚ್ಚೆದ್ದು, ಹೊಟ್ಟೆ ಮುಂದೆ ಮಾಡಿಕೊಂಡು ಕುಣಿದರು. ಮದುಮಗನೂ ಕುಣಿದ. ಅವನ ಸೋದರಮಾವನೂ ಕುಣಿದ. "ಏ ಕೊಟ್ರೇಶಾ, ಬಂದ್ ಮಾಡೋ!" ಅಂತ ಕಿರುಚಿದೆ. ಅದನ್ನೂ ಹಿಡಿದುಕೊಂಡಿತು! "ಬಂದ್ ಮಾಡೋ! ಹೊಟ್ಟಿ ನೋಡ್ರಿ! ಬಂದ್ ಮಾಡೋ! ಹೊ-ಹೊ-ಹೊಟ್ಟಿ!"

ಕೊಟ್ರೇಶ ಎಲ್ಲ ಗುಂಡಿ ಒತ್ತಿದ. ಯಾವುದೂ ಕೇಳಲಿಲ್ಲ. ಈಗ ನಿಜವಾಗಿಯೂ ಹ್ಯಾಂಗ್ ಆಗಿತ್ತು! ಕೊನೆಗೆ ವೈರನ್ನೇ ಕಿತ್ತು ಬಿಸಾಕಿದ.

ಓಣಿ ಗಪ್ಪಾಯಿತು. ಬಸವರಾಜಪ್ಪ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಮೊದಲು ಅವರ ಹೊಟ್ಟೆ, ಆಮೇಲೆ ಅವರು, ಟ್ರೇಲರಿನ ಹತ್ತಿರ ಬಂದರು. ಕೊಟ್ರೇಶ ತಲೆ ಎತ್ತಲಿಲ್ಲ. ಇವನ ಮದುವೆ ಈ ಜನ್ಮದಲ್ಲಿ ಇಲ್ಲ ಅಂತ ನಾನು ತೀರ್ಮಾನಿಸಿದೆ.

"ಇದನ್ನ ಹೇಳಿದಾರು ಯಾರು?" ಅಂದರು.

"ನಾನ್ರಿ" ಅಂದೆ. ಊರೇ ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ?

"ಹುಡುಗನ ಅವ್ವ?"

"ಹೌದ್ರಿ."

ಅವರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು. "ನಮ್ಮ ಮನಿಯಾಕಿನೂ ಇದನ್ನ ಹೇಳ್ತಾಳ. ಆದ್ರ ನಾ ಇಲ್ಲದಾಗ, ನೆರಿಮನಿಯಾರ ಮುಂದ. ನಮ್ಮ ದೊಡ್ಡ ಮಗಳ ಅತ್ತಿನೂ ಹಂಗ. ಎದುರಿಗೆ ಸಕ್ಕರಿ, ಹಿಂದ ಕಾರ. ಹುಡುಗಿಗೆ ಅತ್ತು ಅತ್ತು ಸಾಕಾಗೇತಿ." ಆಮೇಲೆ ಸ್ಪೀಕರುಗಳನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದರು. "ನಿಮ್ಮದು ಹಂಗಲ್ಲ ಬಿಡ್ರಿ. ಸೊಸಿ ಬಗ್ಗೆ ಏನಂದ್ರೂ ಹಗರಿಬೊಮ್ಮನಹಳ್ಳಿತನಕ ಕೇಳ್ತೈತಿ."

ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಬೀಸಣಿಗೆಯಿಂದ ನನಗೇ ಗಾಳಿ ಹಾಕಿಕೊಂಡೆ.

"ನಾಳೆ ಮುಂಜಾನೆ ಹುಡುಗನ್ನ ಕರಕೊಂಡು ಬರ್ರಿ. ನಮ್ಮ ಸಣ್ಣಾಕಿನ್ನ ನೋಡ್ರಿ. ಏನನ್ನಿಸ್ತೈತೋ ಅದನ್ನ ಆಕಿ ಎದುರಿಗೇ ಅನ್ರಿ. ಮುಚ್ಚುಮರಿ ಮಾಡಿದ್ರೋ, ಈ ಸಂಬಂಧ ನಮಗ ಬ್ಯಾಡ."

ಇಷ್ಟು ಸುಲಭದ ಪರೀಕ್ಷೆ ಯಾರಿಗೆ ಸಿಗುತ್ತದೆ? ಮನಸ್ಸಿನಲ್ಲಿದ್ದದ್ದನ್ನು ಅನ್ನುವುದು! ಹುಟ್ಟಿದಾಗಿನಿಂದ ನಾನು ಮಾಡಿಕೊಂಡು ಬಂದದ್ದು ಅದೊಂದೇ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆವು. ಹುಡುಗಿ ಲಕ್ಷಣವಾಗಿದ್ದಳು. ಕೊಟ್ರೇಶ ಅವಳನ್ನು ಒಮ್ಮೆ ನೋಡಿ, ಆಮೇಲೆ ಗೋಡೆಯ ಗಡಿಯಾರ ನೋಡಿ, ಮತ್ತೆ ಅವಳನ್ನು ನೋಡಿದ. ಅವಳೂ ಬಾಗಿಲ ಸಂದಿಯಿಂದ ನೋಡಿ ನಕ್ಕಳು. ಇಂಥ ನಗು ಇವನಿಗೆ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ.

ಅವಳೇ ತಟ್ಟೆ ತಂದು ನನ್ನ ಕೈಗಿಟ್ಟಳು. "ಉಪ್ಪಿಟ್ಟು. ನಾನ ಮಾಡೀನ್ರಿ."

ಬಾಯಿಗಿಟ್ಟೆ. ಉಪ್ಪು! ಗಾಬರಿಯಲ್ಲಿ ಎರಡು ಸಲ ಹಾಕಿದ್ದಳೋ, ಮೂರು ಸಲವೋ. ನಾಲಿಗೆ ಮಡಚಿಕೊಂಡಿತು. ತಲೆ ಎತ್ತಿದರೆ ಮನೆಯವರೆಲ್ಲ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕೊಟ್ರೇಶ ಮತ್ತೆ ಗೋಡೆಯ ಗಡಿಯಾರ ನೋಡತೊಡಗಿದ್ದ.

"ಹೇಳ್ರಿ ಅಕ್ಕಾರ" ಅಂದರು ಬಸವರಾಜಪ್ಪ. "ಇದ್ದದ್ದು ಇದ್ದಂಗ ಬರಲಿ."

"ಭಾಳ ಚೊಲೋ ಆಗೈತ್ರಿ" ಅಂದೆ.

ಯಾರಿಗೂ ಅನುಮಾನ ಬರಬಾರದಲ್ಲ? ಇನ್ನೊಂದು ಸಲ ಹಾಕಿಸಿಕೊಂಡು ತಿಂದೆ.